30×40 ಸೈಟು, 8 ಮೀಟರ್ ಚೌಕ: ಸಿಟೀಸ್ ಸ್ಕೈಲೈನ್ಸ್‌ಗೆ ನಮ್ಮ ಬೀದಿ ಮನೆ ಮಾಡಿದ್ದು

ಊರು ಕಟ್ಟೋ ಕಂಪ್ಯೂಟರ್ ಗೇಮ್ ಸಿಟೀಸ್ ಸ್ಕೈಲೈನ್ಸ್ 2015ರಲ್ಲಿ ಬಂದಾಗಲೇ ಎಡಗಡೆ ಟ್ರಾಫಿಕ್ ಆಪ್ಷನ್ ಇತ್ತು, ಆದ್ರೂ ನಾನು ಏನೇ ಕಟ್ಲಿ ಊರು ನಮ್ಮೂರಿನ ಥರ ಕಾಣ್ತಾನೇ ಇರ್ಲಿಲ್ಲ. ಕಾರಣ ಮನೆಗಳು. ಸಣ್ಣ ಮನೆಗಳ ಜಾಗ (ಲೋ ಡೆನ್ಸಿಟಿ) ಅಂತ ನೆಲಕ್ಕೆ ಬಳಿದ್ರೆ ಸಾಕು, ಆಟ ತಾನೇ ಮನೆ ಎಬ್ಬಿಸುತ್ತೆ, ಇಳಿಜಾರು ಸೂರು, ಮುಂದೆ ಲಾನು. ನಂಗೆ ಬೇಕಿದ್ದು ರಾಜಾಜಿನಗರದ ಕ್ರಾಸ್ ರೋಡು, ಸರಿ ನಾನೇ ಮಾಡಣ ಅಂತ 3ಡಿ ಮಾಡೆಲ್ ಮಾಡೋ ಸಾಫ್ಟ್‌ವೇರ್ ಬ್ಲೆಂಡರ್ ಹಿಡ್ಕೊಂಡು ಕೂತೆ.

ಮೊದಲ್ನೇ ತಲೆನೋವು ಅಳತೆ. ಆಟದಲ್ಲಿ ಒಂದು ಚೌಕ 8 ಮೀಟರ್, ಅಂದ್ರೆ 26 ಅಡಿ ಚಿಲ್ಲರೆ. ನಮ್ಮ 30×40 ಸೈಟಿನ ಅಗಲ 9.14 ಮೀಟರ್. ಒಂದು ಚೌಕದಲ್ಲಿ ಹಿಡಿಯಲ್ಲ, ಎರಡು ಕೊಟ್ರೆ 52 ಅಡಿ ಆಗುತ್ತೆ, ಅಷ್ಟು ಜಾಗ ಬೆಂಗಳೂರಲ್ಲಿ ಯಾರ್ರೀ ಬಿಡ್ತಾರೆ! ಕೊನೆಗೆ ಅಗಲ 26 ಅಡಿಗೇ ಕುಗ್ಗಿಸಿ 1×2 ಲಾಟ್ (ಅಗಲ ಒಂದು ಚೌಕ, ಉದ್ದ ಎರಡು) ಮಾಡ್ದೆ, ಉದ್ದದಲ್ಲಿ ಉಳಿದ 12 ಅಡಿಯಲ್ಲಿ ಗೇಟು, ಸಂಪಿನ ಮುಚ್ಚಳ, ಸ್ಕೂಟರ್ ನಿಲ್ಸೋ ಜಾಗ ಎಲ್ಲಾ ಬಂತು. 20×30 ಮನೆಗೆ ಈ ಕಷ್ಟ ಇಲ್ಲ, ಅಗಲ 6.1 ಮೀಟರ್ ಅಷ್ಟೇ, ಮಿಕ್ಕಿದ ಜಾಗದಲ್ಲಿ ಬಾಡಿಗೆಯವ್ರಿಗೆ ಹೊರಗಿನ ಮೆಟ್ಟಿಲು ಕೂರಿಸ್ದೆ.

ಮಾಡೆಲ್ ಏನಿಲ್ಲ, ಡಬ್ಬ. ಕೆಲಸ ಎಲ್ಲಾ ಟೆಕ್ಸ್ಚರಲ್ಲಿ, ಅಂದ್ರೆ ಅದರ ಮೇಲೆ ಅಂಟಿಸೋ ಚಿತ್ರದಲ್ಲಿ. ಆಟದ ಎಡಿಟರಲ್ಲಿ ಒಂದು ಕಟ್ಟಡಕ್ಕೆ ನಾಲ್ಕು ಬಣ್ಣ ಕೊಡಬಹುದು, ಬಣ್ಣ ಎಲ್ಲಿ ಬೀಳ್ಬೇಕು ಅಂತ ಹೇಳೋ ಕಲರ್ ಮ್ಯಾಪಲ್ಲಿ ಗೋಡೆ ಎಲ್ಲಿ ಅಂತ ತೋರ್ಸಿದ್ರೆ ಒಂದೇ ಮನೆ ಪಿಸ್ತಾ ಹಸಿರು, ಗುಲಾಬಿ, ಹಳದಿ, ತಿಳಿ ನೀಲಿ ಅಂತ ಸಾಲಾಗಿ ನಿಲ್ಲುತ್ತೆ, ಇದೊಂದೇ ಸಾಕು ಅರ್ಧ ಬೆಂಗಳೂರು ಬಂದ್ಬಿಡುತ್ತೆ. ನೀರಿನ ಟ್ಯಾಂಕ್ ಮಾತ್ರ ಬೇರೆ ಪ್ರಾಪ್ (ಕಟ್ಟಡದ ಜೊತೆ ಇಡೋ ಬಿಡಿ ಸಾಮಾನು) ಮಾಡಿ ಎಲ್ಲಾ ಮನೆಗೂ ಅದನ್ನೇ ಇಟ್ಟೆ. ಸೋಲಾರ್ ಹೀಟರ್ ಪ್ಯಾನೆಲ್ ದಕ್ಷಿಣಕ್ಕೆ ತಿರುಗಿರ್ಬೇಕು, ಆದ್ರೆ ಮನೆ ಯಾವ ರಸ್ತೆ ಕಡೆ ಮುಖ ಮಾಡಿ ಎದ್ದೇಳುತ್ತೋ ಯಾರಿಗ್ ಗೊತ್ತು (ವಾಸ್ತು ಅಂತೂ ಕೇಳ್ಲೇಬೇಡಿ).

ಎಲ್‌ಒಡಿ ನೀವೇ ಮಾಡ್ಕೊಳ್ಳಿ. ದೂರದಿಂದ ನೋಡ್ದಾಗ ಕಾಣೋ ಸಣ್ಣ ಮಾಡೆಲ್ ಅದು, ಕೊಡದಿದ್ರೆ ಆಟವೇ ಏನೋ ಒಂದು ಮಾಡ್ಕೊಳ್ಳುತ್ತೆ. ಪ್ರಾಪ್‌ಗಳು ದೂರದಲ್ಲಿ ಮಾಯ ಆಗೋದ್ರಿಂದ ನಾನು ಎಲ್‌ಒಡಿ ಒಳಗೇ ಮೆಟ್ಟಿಲ ಕೋಣೆ, ಕಪ್ಪು ಟ್ಯಾಂಕು ಎರಡೂ ಸೇರಿಸ್ದೆ, ಮೇಲಿಂದ ನೋಡಿದ್ರೆ ನಮ್ಮೂರು ಅಂದ್ರೆ ಆ ಟ್ಯಾಂಕುಗಳೇ ಅಲ್ವಾ.

ನನ್ನ ಈ ಮನೆಗಳನ್ನ ನೋಡಿದ ಹೊರದೇಶದವ್ರು ಜಾಸ್ತಿ ಕೇಳೋದು ತಾರಸಿ ಮೇಲೆ ಬಿಟ್ಟಿರೋ ಕಂಬಿ ಬಗ್ಗೆ, ಮನೆ ಕೆಲಸ ಮುಗಿದಿಲ್ವಾ ಅಂತ. ಮುಂದೆ ಇನ್ನೊಂದು ಫ್ಲೋರ್ ಎಬ್ಬಿಸೋಕೆ ಅಂದ್ರೆ ತುಂಬಾ ಖುಷಿ ಪಡ್ತಾರೆ! ಆಟದಲ್ಲಿ ಮನೆಗಳು ಲೆವೆಲ್ ಲೆವೆಲ್ ಆಗಿ ಮೇಲೇರ್ತವೆ, ಅದನ್ನೇ ಹಿಡ್ಕೊಂಡು ಒಂದೊಂದು ಲೆವೆಲ್‌ಗೂ ಬೇರೆ ಮನೆ ಮಾಡ್ದೆ, ಲೆವೆಲ್ 1ಕ್ಕೆ ಶೀಟ್ ಮನೆ, 2ಕ್ಕೆ ಆರ್‌ಸಿಸಿ ಮೇಲೆ ಕಂಬಿ, 3ಕ್ಕೆ ಮಹಡಿ, ಹೀಗೆ 5ರ ತನಕ.

ಸದ್ಯಕ್ಕೆ ಕೈಲಿರೋದು ಮೂಲೆ ಸೈಟು, ಕೆಳಗೆ ಪ್ರಾವಿಷನ್ ಸ್ಟೋರು ಮೇಲೆ ಮನೆ. ಈ ಆಟದಲ್ಲಿ ಕಟ್ಟಡ ಒಂದೋ ಮನೆ ಇಲ್ಲಾ ಅಂಗಡಿ, ಎರಡೂ ಆಗಲ್ಲ, ಹಾಗಾಗಿ ಲೆಕ್ಕಕ್ಕೆ ಮನೆ ಅಂತಿಟ್ಟು ಅಂಗಡಿಗೆ ಬರೀ ಶಟರ್ರು, ಬೋರ್ಡು ಟೆಕ್ಸ್ಚರ್ ಹಾಕ್ತಿದೀನಿ.