ಕೃಷ್ಣಮೂರ್ತಿಗೆ ಎರಡು ಎಸ್ಎಂಎಸ್: ಯೂನಿಟ್ ಟೆಸ್ಟ್ ಯಾಕೆ, ಹೇಗೆ

ಪರಿಚಯದ ಮೇಷ್ಟ್ರೊಬ್ಬರು ಟ್ಯೂಷನ್ ನಡೆಸುತ್ತಾರೆ. ಫೀಸು ನೆನಪಿಸಲು ಪೋಷಕರಿಗೆ ಕನ್ನಡದಲ್ಲೇ ಎಸ್ಎಂಎಸ್ ಹೋಗಬೇಕು, ಕಳಿಸುವ ಮೊದಲು ಒಟ್ಟು ಎಷ್ಟು ಎಸ್ಎಂಎಸ್ ಖರ್ಚಾಗುತ್ತದೆ ಅಂತಲೂ ತೋರಿಸಬೇಕು ಅಂದರು. ಪೈಥಾನ್‌ನಲ್ಲಿ ಒಂದು ಸಂಜೆಯ ಕೆಲಸ. ರವಿ ಅಂತ ಹೆಸರು ಹಾಕಿ ನನ್ನ ಫೋನಿಗೇ ಒಂದು ಕಳಿಸಿ ನೋಡಿದೆ, ಬಂತು. ಸರಿ ಇದೆ ಅಂತ ಕೊಟ್ಟುಬಿಟ್ಟೆ. ತಿಂಗಳ ಕೊನೆಗೆ ಅವರ ಫೋನು. "ಅಲ್ಲಪ್ಪಾ, 40 ಮಕ್ಕಳಿಗೆ 40 ಅಂತ ತೋರಿಸ್ತು, 51 ಕಟ್ ಆಗಿದೆಯಲ್ಲ?"

ತಪ್ಪು ನನ್ನದೇ. ಒಂದು ಎಸ್ಎಂಎಸ್‌ಗೆ 160 ಅಕ್ಷರ ಅಂತ ಎಲ್ಲೋ ಓದಿದ್ದು ತಲೆಯಲ್ಲಿತ್ತು. ಅದು ಇಂಗ್ಲಿಷಿನ ಲೆಕ್ಕ. ಒಂದು ಎಸ್ಎಂಎಸ್‌ನಲ್ಲಿ ಇರುವುದು 140 ಬೈಟು ಜಾಗ. ಇಂಗ್ಲಿಷ್ ಅಕ್ಷರಕ್ಕೆ 7 ಬಿಟ್ ಸಾಕು, ಹಾಗಾಗಿ 160 ಹಿಡಿಯುತ್ತದೆ. ಕನ್ನಡಕ್ಕೆ 16 ಬಿಟ್ ಬೇಕು, ಆಗ ಸಿಗುವುದು 70 ಮಾತ್ರ. ಅದೂ ನಾವು ಕಣ್ಣಲ್ಲಿ ನೋಡುವ ಅಕ್ಷರ ಅಲ್ಲ. ಕೃಷ್ಣಮೂರ್ತಿ ನಮಗೆ ನಾಲ್ಕಕ್ಷರ, ಕಂಪ್ಯೂಟರ್ ಬಳಸುವ ಅಕ್ಷರಪಟ್ಟಿಯಾದ ಯೂನಿಕೋಡ್‌ಗೆ 11: ವಟ್ರಸುಳಿ, ದೀರ್ಘ, ಗುಡಿಸು, ಒತ್ತಕ್ಷರದ ಹಿಂದೆ ಅಡಗಿರುವ ಹಲಂತ ಚಿಹ್ನೆ (್), ಎಲ್ಲಕ್ಕೂ ಒಂದೊಂದು ಲೆಕ್ಕ. ಹೆಸರು ಬಿಟ್ಟು ನನ್ನ ಸಂದೇಶ 60 ಇತ್ತು. ರವಿ ಸೇರಿದರೆ 63. ಶ್ರೀನಿವಾಸ್ ಸೇರಿದರೆ ಸರಿಯಾಗಿ 70. ಕೃಷ್ಣಮೂರ್ತಿ ಸೇರಿದರೆ 71, ಅಲ್ಲಿಗೆ ಎರಡು ಎಸ್ಎಂಎಸ್.

ರವಿ ಹೆಸರಿನಲ್ಲಿ ನೂರು ಸಲ ಕಳಿಸಿ ನೋಡಿದ್ದರೂ ಇದು ಸಿಗುತ್ತಿರಲಿಲ್ಲ. ಕೈಯಲ್ಲಿ ಪರೀಕ್ಷೆ ಮಾಡುವಾಗ ನಾವು ಮಾಡುವುದೇ ಹೀಗೆ, ಕೆಲಸ ಮಾಡುತ್ತೆ ಅಂತ ಗೊತ್ತಿರುವುದನ್ನೇ ಇನ್ನೊಂದು ಸಲ ಒತ್ತಿ ನೋಡುತ್ತೇವೆ. ಯೂನಿಟ್ ಟೆಸ್ಟ್ ಅಂದರೆ ಹಾಗಲ್ಲ. ಕೋಡಿನ ಒಂದು ಚಿಕ್ಕ ತುಂಡಿಗೆ ಇಂಥದ್ದು ಕೊಟ್ಟರೆ ಇಂಥದ್ದೇ ಬರಬೇಕು ಅಂತ ಬರೆದಿಟ್ಟು, ಬೇಕಾದಾಗಲೆಲ್ಲ ಕಂಪ್ಯೂಟರ್ ಕೈಯಲ್ಲೇ ಓಡಿಸುವುದು.

ಮೊದಲು ಮಾಡಬೇಕಾದ್ದು ಬೇರ್ಪಡಿಸುವ ಕೆಲಸ. ನನ್ನ ಹಳೇ ಕೋಡಿನಲ್ಲಿ ಹೆಸರು ಓದುವುದು, ಸಂದೇಶ ಕಟ್ಟುವುದು, ಎಣಿಸುವುದು, ಕಳಿಸುವುದು ಎಲ್ಲಾ ಒಂದೇ ಫಂಕ್ಷನ್‌ನಲ್ಲಿ ಕಲಸುಮೇಲೋಗರ ಆಗಿತ್ತು. ಟೆಸ್ಟ್ ಮಾಡೋಣ ಅಂದರೆ ನಿಜವಾಗಿ ಎಸ್ಎಂಎಸ್ ಹೋಗಿಬಿಡುತ್ತೆ! ಎಣಿಕೆಯನ್ನು ಮಾತ್ರ ಹೊರಗೆ ತೆಗೆದೆ: ಪಠ್ಯ ಕೊಟ್ಟರೆ ಸಂಖ್ಯೆ ಕೊಡುವ ಫಂಕ್ಷನ್, ಅಷ್ಟೇ. ಅದಕ್ಕೆ ನೆಟ್‌ವರ್ಕ್ ಬೇಡ, ಡೇಟಾಬೇಸ್ ಬೇಡ, ಇವತ್ತಿನ ತಾರೀಖೂ ಬೇಡ. ನಿಮ್ಮ ಕೋಡಿಗೆ ಟೆಸ್ಟ್ ಬರೆಯೋದು ಕಷ್ಟ ಅನ್ನಿಸಿದರೆ ಹತ್ತರಲ್ಲಿ ಒಂಬತ್ತು ಸಲ ತೊಂದರೆ ಟೆಸ್ಟ್‌ನದ್ದಲ್ಲ, ಕೋಡು ಹೀಗೆ ಅಂಟಿಕೊಂಡಿರುತ್ತೆ.

ಪೈಥಾನ್‌ನಲ್ಲಾದರೆ ಟೆಸ್ಟ್‌ಗಳನ್ನು ಓಡಿಸಿ ಫಲಿತಾಂಶ ತೋರಿಸುವ ಪೈಟೆಸ್ಟ್ ಇನ್‌ಸ್ಟಾಲ್ ಮಾಡಿಕೊಳ್ಳಿ. (ಜಾವಾದಲ್ಲಿ ಜೆಯೂನಿಟ್ ಇದೆ. 1997ರಲ್ಲಿ ಕೆಂಟ್ ಬೆಕ್ ಮತ್ತು ಎರಿಕ್ ಗಾಮಾ ಅದರ ಮೊದಲ ರೂಪವನ್ನು ವಿಮಾನದಲ್ಲಿ ಕೂತು ಬರೆದರು. ನಾವು ವಿಮಾನದಲ್ಲಿ ನಿದ್ದೆ ಮಾಡ್ತೀವಿ.) ಬೇರೆ ಫೈಲ್ ಮಾಡಿ. ಅದರ ಹೆಸರು ಟೆಸ್ಟ್ ಅನ್ನುವ ಪದ, ಆಮೇಲೆ ಅಂಡರ್‌ಸ್ಕೋರ್, ಹೀಗೆ ಶುರುವಾಗಲಿ. ಒಳಗಿನ ಫಂಕ್ಷನ್‌ಗಳ ಹೆಸರೂ ಟೆಸ್ಟ್ ಅಂತಲೇ ಶುರುವಾಗಬೇಕು. ಆ ಪದ ಇಂಗ್ಲಿಷ್ ಅಕ್ಷರದಲ್ಲೇ ಇರಬೇಕು, ಮುಂದಿನದನ್ನು ಬೇಕಾದರೆ ಕನ್ನಡದಲ್ಲೇ ಬರೆಯಬಹುದು, ಪೈಥಾನ್ 3 ಒಪ್ಪುತ್ತದೆ. ಒಳಗೆ ಒಂದೇ ಸಾಲು: ಅಸರ್ಟ್ ಅಂತ ಬರೆದು, ಎಡಕ್ಕೆ ಫಂಕ್ಷನ್ ಕೊಡುವ ಉತ್ತರ, ನಡುವೆ ಎರಡು ಸಮ ಚಿಹ್ನೆ, ಬಲಕ್ಕೆ ಬರಬೇಕಾದ ಉತ್ತರ.

ಯಾವುದನ್ನು ಟೆಸ್ಟ್ ಮಾಡೋದು? ಗಡಿಯನ್ನು. ಮಧ್ಯದಲ್ಲಿ ಕೋಡು ಸಾಮಾನ್ಯವಾಗಿ ತಪ್ಪುವುದಿಲ್ಲ, ಅಂಚಿನಲ್ಲಿ ಜಾರುತ್ತೆ. ಕನ್ನಡದ "ಕ" ಅನ್ನೇ 70 ಸಲ ಇಟ್ಟರೆ 1 ಬರಬೇಕು, 71 ಸಲ ಇಟ್ಟರೆ 2. ಇನ್ನೊಂದು ಗಡಿ ನನಗೂ ಹೊಳೆದಿರಲಿಲ್ಲ. ಸಂದೇಶ ಒಂದಕ್ಕಿಂತ ಜಾಸ್ತಿ ತುಂಡಾದಾಗ ಅವನ್ನು ಮತ್ತೆ ಜೋಡಿಸಲು ಪ್ರತಿ ತುಂಡಿನಲ್ಲೂ 6 ಬೈಟು ಹೋಗುತ್ತದೆ, ಹಾಗಾಗಿ ತುಂಡಿಗೆ 70 ಅಲ್ಲ, 67. ಅಂದರೆ 134ಕ್ಕೆ 2, 135ಕ್ಕೆ 3. ಸುಮ್ನೆ 70ರಿಂದ ಭಾಗಿಸುವ ಕೋಡು 135ಕ್ಕೂ 2 ಅನ್ನುತ್ತದೆ, ಟೆಸ್ಟ್ ಕೆಂಪಾಗುತ್ತದೆ (ಸೋತರೆ ಕೆಂಪು, ಗೆದ್ದರೆ ಹಸಿರು). ಬರಬೇಕಾದ ಉತ್ತರವನ್ನು ಹೀಗೆ ಪೇಪರಿನ ಮೇಲೆ ಲೆಕ್ಕ ಹಾಕಿಯೇ ಬರೆಯಿರಿ. ಫಂಕ್ಷನ್ ಓಡಿಸಿ, ಬಂದ ಉತ್ತರವನ್ನೇ ತಂದು ಬಲಕ್ಕೆ ಅಂಟಿಸುವವರಿದ್ದಾರೆ. ಅದು ಕಳ್ಳನ ಸಾಕ್ಷಿಯನ್ನು ಕಳ್ಳನ ಹತ್ತಿರವೇ ಕೇಳಿದ ಹಾಗೆ.

ಖಾಲಿ ಸಂದೇಶ ಬಂದರೆ? 0 ಅನ್ನಬೇಕಾ, ಎರರ್ ಕೊಡಬೇಕಾ? ಕೋಡ್ ಬರೆಯುವಾಗ ಈ ಪ್ರಶ್ನೆಯೇ ಬಂದಿರಲಿಲ್ಲ, ಟೆಸ್ಟ್ ಬರೆಯಲು ಕೂತಾಗ ಬಂತು. ಎರರ್ ಕೊಡಲಿ ಅಂತ ತೀರ್ಮಾನಿಸಿ ಅದನ್ನೇ ಟೆಸ್ಟ್ ಮಾಡಿದೆ. ಆರು ತಿಂಗಳ ಮೇಲೆ ಈ ಕೋಡ್ ನೋಡುವವನಿಗೆ (ಅವನು ನಾನೇ ಆಗಿರ್ತೀನಿ) ನನ್ನ ಉದ್ದೇಶ ಏನಿತ್ತು ಅಂತ ಅಲ್ಲೇ ಸಿಗುತ್ತದೆ. ಕಾಮೆಂಟ್ ಹಳತಾದರೆ ಯಾರೂ ತಿದ್ದಲ್ಲ, ಟೆಸ್ಟ್ ಹಳತಾದರೆ ಅದೇ ಕಿರುಚುತ್ತೆ.

ಟೆಸ್ಟ್‌ನ ನಿಜವಾದ ಲಾಭ ನನಗೆ ಗೊತ್ತಾಗಿದ್ದು ಆಮೇಲಿನ ವಾರ. ಮೇಷ್ಟ್ರಿಗೆ ಕೊನೆಯಲ್ಲಿ ಕೈಮುಗಿಯುವ ಇಮೋಜಿ ಬೇಕು. ಪೈಥಾನ್ ಅದನ್ನು ಒಂದು ಅಂತ ಎಣಿಸುತ್ತದೆ, ಎಸ್ಎಂಎಸ್ ಲೆಕ್ಕದಲ್ಲಿ ಅದು ಎರಡು. ಈ ಸಲ ಕೋಡ್ ಮುಟ್ಟುವ ಮೊದಲೇ ಟೆಸ್ಟ್ ಬರೆದೆ: 69 "ಕ", ಒಂದು ಇಮೋಜಿ, ಉತ್ತರ 2 ಬರಬೇಕು. ಓಡಿಸಿದೆ, ಕೆಂಪು. ಕೆಂಪಾಗಿದ್ದನ್ನು ಒಮ್ಮೆ ಕಣ್ಣಾರೆ ನೋಡಲೇಬೇಕು, ಯಾಕೆಂದರೆ ಯಾವತ್ತೂ ಸೋಲದ ಟೆಸ್ಟ್ ಏನನ್ನಾದರೂ ಹಿಡಿಯುತ್ತೆ ಅಂತ ನಂಬೋದು ಹೇಗೆ? ಆಮೇಲೆ ಪಠ್ಯವನ್ನು ಯುಟಿಎಫ್-16ಕ್ಕೆ (ಅಕ್ಷರಗಳನ್ನು 16 ಬಿಟ್ ತುಂಡುಗಳಲ್ಲಿ ಬರೆಯುವ ಬಗೆ) ಬದಲಿಸಿ, ಬೈಟು ಎಣಿಸಿ, ಎರಡರಿಂದ ಭಾಗಿಸಿದೆ. ಇಮೋಜಿ ಟೆಸ್ಟ್ ಹಸಿರಾಯ್ತು. ಆದರೆ ಹಳೆಯ 70ರ ಟೆಸ್ಟ್ ಕೆಂಪಾಯ್ತು!

ಹತ್ತು ನಿಮಿಷ ತಲೆ ಕೆರೆದುಕೊಂಡೆ. ಪೈಥಾನ್ ಬರೀ ಯುಟಿಎಫ್-16 ಅಂದರೆ ಮುಂದೆ, ಬೈಟುಗಳ ಕ್ರಮ ಯಾವುದು ಅಂತ ಹೇಳುವ ಎರಡು ಬೈಟಿನ ಗುರುತೊಂದನ್ನು ತಾನಾಗಿಯೇ ಸೇರಿಸುತ್ತದೆ. ಎಲ್ಲಾ ಸಂದೇಶಕ್ಕೂ ಒಂದು ಹೆಚ್ಚಾಗಿತ್ತು. ಆ ಕ್ರಮವನ್ನು ನಾವೇ ಲಿಟಲ್ ಎಂಡಿಯನ್ ಅಂತ ಹೆಸರಿಸಿ ಕೇಳಿದರೆ ಆ ಗುರುತು ಬರುವುದಿಲ್ಲ. ತಿದ್ದಿದೆ, ಎಲ್ಲಾ ಹಸಿರು. ಹಳೇ ಟೆಸ್ಟ್ ಇರದಿದ್ದರೆ ಒಂದನ್ನು ಸರಿಮಾಡಲು ಹೋಗಿ ಇನ್ನೊಂದನ್ನು ಕೆಡಿಸಿ, ಮತ್ತೆ ತಿಂಗಳ ಕೊನೆಗೆ ಫೋನಿಗೆ ಕಾಯುತ್ತಿದ್ದೆ. ಈಗ ಈ ಕೋಡಿಗೆ ಕೈ ಹಾಕಲು ನನಗೆ ಭಯ ಇಲ್ಲ. ನನಗೆ ಟೆಸ್ಟ್ ಬೇಕಾಗಿರೋದೇ ಅದಕ್ಕೆ, ತಪ್ಪು ಹುಡುಕೋದು ಆಮೇಲಿನ ಮಾತು.

ಹಾಗಂತ ಎಲ್ಲದಕ್ಕೂ ಬರೆಯಬೇಡಿ. ಪೈಥಾನ್ ಸರಿಯಾಗಿ ಕೂಡುತ್ತಾ ಅಂತ ಟೆಸ್ಟ್ ಮಾಡೋದು ನಿಮ್ಮ ಕೆಲಸ ಅಲ್ಲ. ಕವರೇಜ್ (ಟೆಸ್ಟ್ ಓಡಿಸಿದಾಗ ಕೋಡಿನ ಎಷ್ಟು ಸಾಲು ಓಡಿತು ಅನ್ನುವ ಲೆಕ್ಕ) ಶೇಕಡಾ 100 ಆಗಬೇಕು ಅಂತ ಹಟ ಹಿಡಿದವರ ಟೆಸ್ಟ್‌ಗಳನ್ನು ನೋಡಿದ್ದೇನೆ, ಎಲ್ಲಾ ಸಾಲೂ ಓಡಿರುತ್ತೆ, ಅಸರ್ಟ್ ಒಂದೂ ಇರಲ್ಲ. ಮತ್ತೆ, ಯೂನಿಟ್ ಟೆಸ್ಟ್ ಹಸಿರಾದರೆ ಸಂದೇಶ ತಲುಪುತ್ತದೆ ಅಂತ ಅರ್ಥವಲ್ಲ. ಪಾಸ್‌ವರ್ಡ್ ತಪ್ಪಿರಬಹುದು, ಬ್ಯಾಲೆನ್ಸ್ ಮುಗಿದಿರಬಹುದು. ಅದಕ್ಕೆ ಕೊನೆಗೊಂದು ಎಸ್ಎಂಎಸ್ ನಿಜವಾಗಿ ಕಳಿಸಿಯೇ ನೋಡಬೇಕು, ಈ ಸಲ ಕೃಷ್ಣಮೂರ್ತಿ ಹೆಸರಲ್ಲಿ.

ಇಮೋಜಿ ಸೇರಿಸಿದ ಮೇಲೂ ಒಂದರಲ್ಲೇ ಮುಗಿಯಲಿ ಅಂತ ಸಂದೇಶದಿಂದ "ದಯವಿಟ್ಟು" ತೆಗೆದೆವು, ಸ್ಪೇಸ್ ಸೇರಿ 9 ಉಳಿಯಿತು. ಪಟ್ಟಿಯಲ್ಲಿರುವ ಅತಿ ಉದ್ದದ ಹೆಸರು ಹಾಕಿದರೂ 1 ಬರಬೇಕು ಅಂತ ಒಂದು ಟೆಸ್ಟ್ ಸೇರಿಸಿಟ್ಟೆ. ಮೊನ್ನೆ ಮೇಷ್ಟ್ರು, ಪೋಷಕರಿಗೆ ದಯವಿಟ್ಟು ಇಲ್ಲದೆ ಬರೆದರೆ ಚೆನ್ನಾಗಿರಲ್ಲ, ವಾಪಸ್ ಹಾಕು ಅಂದರು. ಹಾಕಿದೆ, ಕೆಂಪಾಯ್ತು. ಇಮೋಜಿ ಬೇಕಾ, ದಯವಿಟ್ಟು ಬೇಕಾ ಅಂತ ಕೇಳಿದ್ದೇನೆ. ಯೋಚಿಸಿ ಹೇಳ್ತೀನಿ ಅಂದಿದ್ದಾರೆ.