ಕಲಬುರಗಿ ಸೆಕೆಯಲ್ಲಿ ಕ್ಲಾಸ್ ಎ ಆಂಪ್ಲಿಫೈಯರ್

ಕ್ಲಾಸ್ ಎ ಆಂಪ್ಲಿಫೈಯರ್ ಅಂದರೆ ಹಾಡು ಇಲ್ಲದಾಗಲೂ ಕರೆಂಟ್ ಎಳೆಯುತ್ತ ಬಿಸಿಯಾಗುವ ಬಗೆ. ಅದನ್ನು ಮಾಡಲು ಹೊರಟವರು ಮೊದಲು ಕೇಳುವುದು ಯಾವ ಟ್ರಾನ್ಸಿಸ್ಟರ್ ಹಾಕಲಿ ಅಂತ. ಅದರ ಬದಲು ಹೀಟ್ ಸಿಂಕ್ (ಕಾವನ್ನು ಗಾಳಿಗೆ ಬಿಡುವ ರೆಕ್ಕೆಯ ಲೋಹ) ಎಷ್ಟು ದೊಡ್ಡದು ಬೇಕು ಅಂತ ಕೇಳಿದರೆ ಅರ್ಧ ಕೆಲಸ ಮುಗಿದ ಹಾಗೆ.

ನಾನು ಮಾಡಿಕೊಂಡಿರುವುದು ಜಾನ್ ಲಿನ್ಸ್ಲಿ ಹುಡ್ 1969ರ ಏಪ್ರಿಲ್‌ನಲ್ಲಿ ಬ್ರಿಟನ್ನಿನ ವೈರ್‌ಲೆಸ್ ವರ್ಲ್ಡ್ ಪತ್ರಿಕೆಯಲ್ಲಿ ಕೊಟ್ಟ ಸರ್ಕ್ಯೂಟ್. ಚಾನಲ್‌ಗೆ, ಅಂದರೆ ಎಡ ಬಲ ಒಂದೊಂದು ಸ್ಪೀಕರ್‌ಗೆ, ನಾಲ್ಕೇ ಟ್ರಾನ್ಸಿಸ್ಟರ್, 10 ವ್ಯಾಟ್. ಡಯಾಗ್ರಾಂ ಹುಡುಕಿದರೆ ಸುಲಭವಾಗಿ ಸಿಗುತ್ತದೆ. ಅದನ್ನು ಕೈಯಲ್ಲಿಟ್ಟುಕೊಂಡು ಮುಂದೆ ಓದಿ.

8 ಓಂ ಸ್ಪೀಕರ್‌ಗೆ ಸಪ್ಲೈ 27 ವೋಲ್ಟ್, ಕರೆಂಟ್ 1.2 ಆಂಪಿಯರ್. ಹಾಡು ಬರಲಿ ಬಿಡಲಿ, ಇಷ್ಟು ಕರೆಂಟ್ ಹರಿಯುತ್ತಲೇ ಇರುತ್ತದೆ. ಅಂದರೆ ಚಾನಲ್‌ಗೆ 32 ವ್ಯಾಟ್, ಎರಡಕ್ಕೆ ಸುಮಾರು 65 ವ್ಯಾಟ್ ಬರೀ ಕಾವು. ಮೇ ತಿಂಗಳಲ್ಲಿ ನಮ್ಮಲ್ಲಿ ಕೋಣೆಯೇ 40 ಡಿಗ್ರಿ. ವ್ಯಾಟ್‌ಗೆ 1 ಡಿಗ್ರಿ ಏರುವ ಹೀಟ್ ಸಿಂಕ್ ಹಾಕಿದರೆ 72ಕ್ಕೆ ಹೋಗುತ್ತದೆ, ಬೆರಳು ಇಡಲು ಆಗುವುದಿಲ್ಲ. ಅರ್ಧ ಡಿಗ್ರಿಯದು ಹಾಕಿದರೆ 56ಕ್ಕೆ ನಿಲ್ಲುತ್ತದೆ. ಚಾನಲ್‌ಗೆ ಒಂದೊಂದು ಬೇಕು, ರೆಕ್ಕೆಗಳು ಡಬ್ಬಿಯ ಹೊರಗೆ ನೆಟ್ಟಗೆ ನಿಲ್ಲಬೇಕು. ಇಷ್ಟು ಮಾಡಿಯೂ ಬೇಸಿಗೆಯಲ್ಲಿ ನಾನು ಅದನ್ನು ಹಚ್ಚುವುದು ರಾತ್ರಿ ಊಟ ಆದಮೇಲೆಯೇ. ಇಲ್ಲದಿದ್ದರೆ ಮನೆಯವರು ಸುಮ್ಮನಿರಬೇಕಲ್ಲ!

ಸ್ಪೀಕರ್‌ಗೆ ಕರೆಂಟ್ ಕೊಡುವ ಔಟ್‌ಪುಟ್ ಟ್ರಾನ್ಸಿಸ್ಟರ್‌ಗೆ 2ಎನ್3055, ಅವನ್ನು ಓಡಿಸುವ ಡ್ರೈವರ್ ಟ್ರಾನ್ಸಿಸ್ಟರ್‌ಗೆ ಬಿಡಿ139. ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಿ ಎರಡೂ ಸಿಗುತ್ತವೆ, ಡೂಪ್ಲಿಕೇಟ್ ಕೂಡ ಸಿಗುತ್ತದೆ. ಜಾಸ್ತಿ ತಂದು, 1 ಆಂಪಿಯರ್‌ನಲ್ಲಿ ಗೇನ್ (ಕರೆಂಟನ್ನು ಎಷ್ಟು ಪಟ್ಟು ಮಾಡುತ್ತದೆ ಅನ್ನುವುದು) ಅಳೆದು, ಹತ್ತಿರ ಇರುವ ಜೋಡಿ ಆರಿಸಿಕೊಳ್ಳಿ. 2ಎನ್3055ರ ಲೋಹದ ಮೈಯೇ ಕಲೆಕ್ಟರ್, ಅಂದರೆ ಅದರ ಮೂರು ತುದಿಗಳಲ್ಲಿ ಒಂದು. ಅದು ಹೀಟ್ ಸಿಂಕ್‌ಗೆ ನೇರ ತಾಗಬಾರದು. ಆದ್ದರಿಂದ ಮೈಕಾ ಹಾಳೆ, ಸ್ಕ್ರೂಗೆ ಬುಷ್, ಎರಡೂ ಕಡೆ ತೆಳ್ಳಗೆ ಹೀಟ್ ಸಿಂಕ್ ಕಾಂಪೌಂಡ್. ಸ್ಕ್ರೂ ಬಿಗಿ ಮಾಡಿದ ಮೇಲೆ ಟ್ರಾನ್ಸಿಸ್ಟರ್ ಮೈಗೂ ಹೀಟ್ ಸಿಂಕ್‌ಗೂ ಮಲ್ಟಿಮೀಟರ್ ಹಿಡಿಯಿರಿ. ಬೀಪ್ ಬಂದರೆ ಬಿಚ್ಚಿ ನೋಡಿ. ತೂತಿನ ಅಂಚಿನ ಚೂಪು ಲೋಹ ಮೈಕಾ ಹರಿದಿರುತ್ತದೆ.

ಸಪ್ಲೈಗೆ ಚೌಕಾಸಿ ಬೇಡ. ನಮ್ಮ ಲೈನ್‌ನಲ್ಲಿ ವೋಲ್ಟೇಜ್ 205ಕ್ಕೂ ಇಳಿಯುತ್ತದೆ, 250ಕ್ಕೂ ಏರುತ್ತದೆ. ಅದಕ್ಕೇ 26 ವೋಲ್ಟ್ 5 ಆಂಪಿಯರ್ ಟ್ರಾನ್ಸ್‌ಫಾರ್ಮರ್ ಸುತ್ತಿಸಿದೆ. ಎಸಿಯನ್ನು ಡಿಸಿ ಮಾಡುವ 25 ಆಂಪಿಯರ್ ಬ್ರಿಡ್ಜ್, 63 ವೋಲ್ಟಿನ 10,000 ಮೈಕ್ರೋಫ್ಯಾರಡ್ ಕೆಪ್ಯಾಸಿಟರ್ ಎರಡು, ಆಮೇಲೆ ವೋಲ್ಟೇಜ್ ಅಲ್ಲಾಡದಂತೆ ಹಿಡಿಯಲು ಚಾನಲ್‌ಗೆ ಒಂದು ಎಲ್‌ಎಂ338 ರೆಗ್ಯುಲೇಟರ್. ಅದಕ್ಕೂ ಹೀಟ್ ಸಿಂಕ್ ಬೇಕು. ಲೈನ್ ಏರಿದಾಗ ಅದೊಂದೇ 13 ವ್ಯಾಟ್‌ನಷ್ಟು ಸುಡುತ್ತದೆ. ಪ್ರೈಮರಿಗೆ ಫ್ಯೂಸ್, ಡಬ್ಬಿಗೆ ಅರ್ಥ್, ಇವೆರಡೂ ಇಲ್ಲದೆ ಪ್ಲಗ್ ಚುಚ್ಚಬೇಡಿ. ಮೊದಲ ಸಲ ಮೇನ್ಸ್‌ಗೆ ಸರಣಿಯಲ್ಲಿ 100 ವ್ಯಾಟ್‌ನ ಹಳೇ ತರದ ಫಿಲಮೆಂಟ್ ಬಲ್ಬ್ ಹಾಕಿ. ಸಪ್ಲೈ ಒಂದನ್ನೇ ಹಚ್ಚಿದಾಗ ಬಲ್ಬ್ ಒಮ್ಮೆ ಮಿಂಚಿ ಮಂಕಾಗಬೇಕು. ಹೊಳೆಯುತ್ತಲೇ ಇದ್ದರೆ ಎಲ್ಲೋ ಶಾರ್ಟ್ ಇದೆ. ಆಂಪ್ಲಿಫೈಯರ್ ಜೋಡಿಸಿದ ಮೇಲೆ ಮಾತ್ರ ಬಲ್ಬ್ ಸ್ವಲ್ಪ ಉರಿಯುವುದು ಸಹಜ, ಅದು ಎಳೆಯುವುದೇ ಅಷ್ಟು.

ಇನ್ನು ಟ್ಯೂನಿಂಗ್. ನನಗೆ ಇಷ್ಟದ ಭಾಗ ಇದೇ.

ಡ್ರೈವರ್ ಕಲೆಕ್ಟರ್‌ನಿಂದ ಸಪ್ಲೈ ಕಡೆಗೆ 560 ಮತ್ತು 100 ಓಂ ರೆಸಿಸ್ಟರ್ ಸರಣಿಯಲ್ಲಿವೆ. ಕರೆಂಟ್ ಎಷ್ಟು ಅಂತ ತೀರ್ಮಾನಿಸುವುದು ಇವೇ. 2ಎನ್3055ಗೆ ಗೇನ್ ಕಡಿಮೆ ಇರುವುದರಿಂದ 560 ಇಟ್ಟರೆ ಸಾಮಾನ್ಯವಾಗಿ ಕರೆಂಟ್ ಸಾಲುವುದಿಲ್ಲ. ಅದರ ಜಾಗದಲ್ಲಿ 150 ಓಂ, 1 ವ್ಯಾಟ್ ರೆಸಿಸ್ಟರ್ ಮತ್ತು 500 ಓಂ ವೈರ್‌ವೌಂಡ್ ಪ್ರಿಸೆಟ್ (ತಿರುಗಿಸಿ ಓಂ ಹೊಂದಿಸುವ ರೆಸಿಸ್ಟರ್) ಸರಣಿಯಲ್ಲಿ ಹಾಕಿ. ಪ್ರಿಸೆಟ್ ಪೂರ್ತಿ ಜಾಸ್ತಿ ಓಂ ಕಡೆ ಇಟ್ಟು ಶುರು ಮಾಡಿ, ಆಗ ಕರೆಂಟ್ ಕಡಿಮೆ ಇರುತ್ತದೆ. ಪ್ರತಿ ಚಾನಲ್‌ನ ಸಪ್ಲೈ ದಾರಿಯಲ್ಲಿ 0.1 ಓಂ, 5 ವ್ಯಾಟ್ ರೆಸಿಸ್ಟರ್ ಒಂದನ್ನು ಖಾಯಂ ಆಗಿ ಇಟ್ಟುಬಿಡಿ. ಅದರ ಎರಡು ತುದಿಗೆ 120 ಮಿಲಿವೋಲ್ಟ್ ಬಂದರೆ 1.2 ಆಂಪಿಯರ್ ಅಂತ ಲೆಕ್ಕ. ತಂತಿ ಬಿಚ್ಚಿ ಮೀಟರ್ ಸೇರಿಸುವ ರಗಳೆ ಇಲ್ಲ.

ಮೊದಲು 80 ಮಿಲಿವೋಲ್ಟ್‌ಗೆ ನಿಲ್ಲಿಸಿ. ಔಟ್‌ಪುಟ್ ಕೆಪ್ಯಾಸಿಟರ್‌ನ ಪ್ಲಸ್ ಕಾಲಿನಲ್ಲಿ ಸಪ್ಲೈಯ ಅರ್ಧ, ಅಂದರೆ 13.5 ವೋಲ್ಟ್ ಬರುವ ಹಾಗೆ ಡಯಾಗ್ರಾಂನಲ್ಲಿರುವ ಇನ್ನೊಂದು ಪ್ರಿಸೆಟ್ ತಿರುಗಿಸಿ. ಆಮೇಲೆ ಅರ್ಧ ಗಂಟೆ ಕೈ ಹಚ್ಚಬೇಡಿ, ಟೀ ಕುಡಿದು ಬನ್ನಿ. ಬಿಸಿಯಾದಂತೆ ಟ್ರಾನ್ಸಿಸ್ಟರ್ ಗೇನ್ ಏರುತ್ತದೆ, ಕರೆಂಟೂ ತಾನೇ ಮೇಲೆ ಹೋಗಿರುತ್ತದೆ. ಪೂರ್ತಿ ಬಿಸಿಯಾದ ಮೇಲೆಯೇ 120ಕ್ಕೆ ತನ್ನಿ. ಒಂದನ್ನು ತಿರುಗಿಸಿದರೆ ಇನ್ನೊಂದು ಅಲ್ಲಾಡುತ್ತದೆ, ಹಾಗಾಗಿ ಎರಡನ್ನೂ ಒಂದೆರಡು ಸುತ್ತು ನೋಡಬೇಕು. ಚಳಿಗಾಲದಲ್ಲಿ ಹೊಂದಿಸಿದ್ದನ್ನು ಬೇಸಿಗೆಯಲ್ಲಿ ಮತ್ತೆ ಅಳೆಯಿರಿ.

ಸರ್ಕ್ಯೂಟ್ ಬರೆದಾಗಿನ ಟ್ರಾನ್ಸಿಸ್ಟರ್‌ಗಳಿಗಿಂತ ಈಗಿನವು ಚುರುಕು. ಹಾಡೇ ಇಲ್ಲದಾಗ ಒಂದು ಚಾನಲ್ ಮಾತ್ರ ವಿಪರೀತ ಸುಟ್ಟರೆ ಆಸಿಲೇಶನ್ ಇರಬಹುದು, ಅಂದರೆ ಕಿವಿಗೆ ಕೇಳದ ಕಂಪನವನ್ನು ಸರ್ಕ್ಯೂಟ್ ತಾನೇ ಹುಟ್ಟಿಸುತ್ತಿರಬಹುದು. ಔಟ್‌ಪುಟ್‌ಗೂ ಗ್ರೌಂಡ್‌ಗೂ ನಡುವೆ 10 ಓಂ ಮತ್ತು 0.1 ಮೈಕ್ರೋಫ್ಯಾರಡ್ ಸರಣಿಯಲ್ಲಿ ಹಾಕಿ ನೋಡಿ, ಇನ್‌ಪುಟ್ ತಂತಿಯನ್ನು ಔಟ್‌ಪುಟ್‌ನಿಂದ ದೂರ ಇಡಿ.

ಹಮ್, ಅಂದರೆ ಸ್ಪೀಕರ್‌ನಲ್ಲಿ ಗುಂಯ್‌ಗುಡುವ ಸದ್ದು, ಬಂದರೆ ಕಿವಿಯೇ ದಾರಿ ತೋರಿಸುತ್ತದೆ. ದಪ್ಪ ಗುಂಯ್ ಆದರೆ 50 ಹರ್ಟ್ಜ್, ಟ್ರಾನ್ಸ್‌ಫಾರ್ಮರ್‌ನದು. ಅದನ್ನು ತಿರುಗಿಸಿ ಇಲ್ಲವೇ ದೂರ ಸರಿಸಿ. ಸ್ವಲ್ಪ ಗರಗರ ಇದ್ದರೆ 100 ಹರ್ಟ್ಜ್, ಗ್ರೌಂಡ್ ತಪ್ಪಾದ ಕಡೆ ಸೇರಿದೆ. ಬ್ರಿಡ್ಜ್‌ನ ಮೈನಸ್ ತಂತಿ ನೇರ ದೊಡ್ಡ ಕೆಪ್ಯಾಸಿಟರ್‌ಗೆ ಹೋಗಲಿ. ಉಳಿದ ಗ್ರೌಂಡ್‌ಗಳೆಲ್ಲ ಕೆಪ್ಯಾಸಿಟರ್‌ನ ಆಚೆ ಒಂದೇ ಬಿಂದುವಿನಿಂದ ಹೊರಡಲಿ.

ಇಷ್ಟು ಆಗುವವರೆಗೆ ಸಾವಿರಾರು ರೂಪಾಯಿಯ ಆಡಿಯೋ ಕೆಪ್ಯಾಸಿಟರ್ ಕೊಳ್ಳಬೇಡಿ. ಆ ದುಡ್ಡು ಇದ್ದರೆ 90 ಡೆಸಿಬಲ್‌ಗೆ ಮೇಲಿನ ಸೆನ್ಸಿಟಿವಿಟಿಯ, ಅಂದರೆ ಕಡಿಮೆ ವ್ಯಾಟ್‌ಗೇ ಜೋರಾಗಿ ಕೇಳುವ ಸ್ಪೀಕರ್ ತನ್ನಿ, 10 ವ್ಯಾಟ್ ಒಂದು ಕೋಣೆಗೆ ಧಾರಾಳ.