ಬಾಗಿಲು ತೆಗೆಯದ ರೋದೆ

ನಮ್ಮ ಚರ್ಚಿನ ಸಂಡೇ ಸ್ಕೂಲ್ ಮಕ್ಕಳಿಗೆ ಬೈಬಲಿನ ದಾವೀದ, ದಾನಿಯೇಲ, ಯೋನ ಎಲ್ಲ ಬಾಯಿಪಾಠ. ಶುರು ಮಾಡುವಾಗಲೇ "ಆಂಟಿ, ಈ ಕಥೆ ಗೊತ್ತು" ಅಂದುಬಿಡುತ್ತಾರೆ. ಅದಕ್ಕೇ ಬೈಬಲಿನ ಒಂದೆರಡು ವಚನದಲ್ಲಿ ಬಂದುಹೋಗುವವರನ್ನು ಹುಡುಕಿ ಕಥೆ ಬರೆಯತೊಡಗಿದೆ. ಮೊದಲು ಸಿಕ್ಕವಳು ರೋದೆ.

ಬೈಬಲಿನ ಅಪೊಸ್ತಲರ ಕೃತ್ಯಗಳು ಎಂಬ ಪುಸ್ತಕ, 12ನೇ ಅಧ್ಯಾಯ. ರಾಜ ಹೆರೋದ ಯೇಸುವಿನ ಶಿಷ್ಯ ಯಾಕೋಬನನ್ನು ಕೊಲ್ಲಿಸಿ ಆಗಿದೆ. ಇನ್ನೊಬ್ಬ ಶಿಷ್ಯ ಪೇತ್ರ ಸೆರೆಮನೆಯಲ್ಲಿ, ಸರದಿಯಂತೆ 16 ಸಿಪಾಯಿಗಳ ಕಾವಲು. ಯೆರೂಸಲೇಮಿನಲ್ಲಿ ಮಾರ್ಕನ ತಾಯಿ ಮರಿಯಳ ಮನೆಯಲ್ಲಿ ರಾತ್ರಿ ಅವನಿಗಾಗಿ ಪ್ರಾರ್ಥನೆ. ದೇವದೂತ ಬಿಡಿಸಿದ ಪೇತ್ರ ಅಲ್ಲಿಗೇ ಬಂದು ಕದ ತಟ್ಟುತ್ತಾನೆ. ಮನೆಗೆಲಸದ ಹುಡುಗಿ ರೋದೆ ದನಿ ಗುರುತು ಹಿಡಿದು, ಖುಷಿಗೆ ಬಾಗಿಲು ತೆಗೆಯದೆ ಒಳಗೆ ಓಡುತ್ತಾಳೆ. ಒಳಗಿದ್ದವರು ಅವಳಿಗೆ ಹುಚ್ಚು ಅನ್ನುತ್ತಾರೆ. ಬೇಡಿಕೊಂಡವರೂ ಅವರೇ, ನಂಬದವರೂ ಅವರೇ!

ನನ್ನ ಮೊದಲ ಕಥೆ ನಾಲ್ಕು ಪುಟ. ರೋದೆ ಒಳಗೆ ಹೋಗಿ ನಂಬಿಕೆಯ ಬಗ್ಗೆ ಉದ್ದುದ್ದ ಮಾತಾಡುತ್ತಿದ್ದಳು, ಥೇಟ್ ನಮ್ಮ ಚರ್ಚಿನ ಭಾನುವಾರದ ಉಪದೇಶದ ಹಾಗೆ. ಓದಿ ಮುಗಿಸಿದೆ. ಎರಡನೇ ಸಾಲಿನಲ್ಲಿದ್ದ ಒಬ್ಬ ಪುಟ್ಟ ಹುಡುಗ ಕೇಳಿದ: "ಆಂಟಿ, ಪೇತ್ರ ಇನ್ನೂ ಹೊರಗೇ ನಿಂತಿದ್ದಾನಾ?"

ನಾನೂ ಬಾಗಿಲು ತೆಗೆದಿರಲಿಲ್ಲ.

ಮನೆಗೆ ಬಂದು ಹಾಳೆಯ ನಡುವೆ ಗೆರೆ ಎಳೆದೆ. ಎಡಕ್ಕೆ ವಚನದಲ್ಲಿ ಇರುವುದು: ಹೆಸರು, ದನಿ, ಖುಷಿ, ಓಟ, ಯಾರೂ ನಂಬದಿದ್ದರೂ ಬಿಡದ ಹಟ. ಬಲಕ್ಕೆ ನಾನು ಸೇರಿಸಿದ್ದು: ಅವಳ ವಯಸ್ಸು, ಕೈಯಲ್ಲಿನ ಎಣ್ಣೆದೀಪ, ಕಾಲಿಗೆ ತಾಗುವ ತಣ್ಣನೆ ಕಲ್ಲು. ಬಲಗಡೆ ಹೊಸ ಪವಾಡ ಬರಕೂಡದು, ಪೇತ್ರನ ಬಾಯಿಗೆ ಹೊಸ ಮಾತು ತುರುಕಕೂಡದು. ಈಗಲೂ ಹೀಗೇ ಬರೆಯುವುದು.

ಭಾಷಣ ಪೂರ್ತಿ ಹೊಡೆದುಹಾಕಿದೆ. ಬದಲಿಗೆ ಪೇತ್ರ ತಟ್ಟುತ್ತಲೇ ಇದ್ದ ಅನ್ನುವ ಮಾತನ್ನು ಹಿಡಿದುಕೊಂಡೆ. ಒಳಗೆ ವಾದ ನಡೆಯುವಾಗೆಲ್ಲ ನಡುನಡುವೆ ಟಕ್ ಟಕ್. ಮಕ್ಕಳು ಬೆಂಚಿಗೆ ಬಡಿದು ಸದ್ದು ಮಾಡಿದರು. ಪಕ್ಕದ ಕ್ಲಾಸಿನಿಂದ ದೂರೂ ಬಂತು, ಬರಲಿ ಬಿಡಿ.

ಚರ್ಚಿನ ಹಿರಿಯರೊಬ್ಬರು "ಕಥೆ ಚೆನ್ನಾಗಿದೆ ಅಮ್ಮಾ, ಪಾಠ ಎಲ್ಲಿ?" ಅಂದರು. ಕೊನೆಯ ಪ್ಯಾರಾದಲ್ಲಿ ಅದಿತ್ತು, ನಾನೇ ಕಿತ್ತುಹಾಕಿದ್ದೆ. ನಕ್ಕು ಸುಮ್ಮನಾದೆ.

ಕೊನೆಗೆ ಕದ ತೆಗೆದದ್ದು ಯಾರ ಕೈ ಅಂತ ಬೈಬಲ್ ಹೇಳುವುದಿಲ್ಲ. ತೆಗೆದರು, ನೋಡಿ ಬೆರಗಾದರು, ಅಷ್ಟೇ. ಅದನ್ನು ಮಕ್ಕಳಿಗೇ ಕೇಳಿದೆ. ರೋದೆ ಅಂದರು ಕೆಲವರು, ಮರಿಯ ಅಂದರು ಕೆಲವರು. ಆ ಹುಡುಗ ಮಾತ್ರ, "ಎಲ್ರೂ ಒಟ್ಟಿಗೆ ಹೋಗಿರ್ತಾರೆ ಆಂಟಿ, ರೋದೆ ಹೇಳಿದ್ದು ಸುಳ್ಳು ಅಂತ ತೋರಿಸೋಕೆ" ಅಂದ.